ಹವಾಲ್ದಾರ್ ಆಗಲೋ ಬೇಡವೋ?

ಪ್ರಶ್ನೆ: ನಾನು ಸೇನೆಯಲ್ಲಿ ನಾಯಕ್, 12 ವರ್ಷ ಸರ್ವಿಸ್ ಆಗಿದೆ. ಈಗ ಹವಾಲ್ದಾರ್ ಬಡ್ತಿ ಬಂದಿದೆ. ಜೊತೆಗೆ ಕೂತು ಉಂಡವರಿಗೇ ನಾಳೆ ಹುಕುಂ ಕೊಡಬೇಕಲ್ಲ ಅಂತ ಹಿಂಜರಿಕೆ. ಊರಲ್ಲಿ ಅಪ್ಪನಿಗೆ ಮಂಡಿನೋವು ಬೇರೆ. ಬೇಡ ಎಂದು ಬರೆದುಕೊಡಲೇ?
– ಓದುಗ, ಗೋಕಾಕ

ಉತ್ತರ: ತಮ್ಮಾ, ಅವಸರದಲ್ಲಿ ಸಹಿ ಹಾಕಬೇಡ. ಬಡ್ತಿ ಬೇಡ ಎಂದರೆ ತಪ್ಪುವುದು ಹವಾಲ್ದಾರನ ತೋಳಿನ ಮೂರನೇ ಪಟ್ಟಿ ಮಾತ್ರವಲ್ಲ. ಬಡ್ತಿ ಸಿಗದಿದ್ದರೂ ಸರ್ವಿಸ್ ನೋಡಿ 8, 16, 24 ವರ್ಷಕ್ಕೆ ಕೊಡುವ ಎಂಎಸಿಪಿ ಎಂಬ ವೇತನ ಏರಿಕೆಗೂ ಅದು ಅಡ್ಡ ಬರುತ್ತದೆ, ಇದನ್ನು ಎಷ್ಟೋ ಹುಡುಗರು ಕೇಳಿಯೇ ಇರುವುದಿಲ್ಲ. ಹವಾಲ್ದಾರ್‌ಗೆ ಸರ್ವಿಸ್ಸೂ ಜಾಸ್ತಿ, ಪೆನ್ಷನ್ನೂ ಜಾಸ್ತಿ.

ಗೆಳೆಯರ ವಿಷಯಕ್ಕೆ ಬಂದರೆ, ಸೆಕ್ಷನ್ನಿನ ಹತ್ತು ಜನರಲ್ಲಿ ಯಾರ ಬೂಟು ಕಚ್ಚುತ್ತಿದೆ, ಯಾರ ಮನೆಯಿಂದ ವಾರದಿಂದ ಫೋನ್ ಬಂದಿಲ್ಲ ಅನ್ನೋದು ನಿನಗೆ ಈಗಾಗಲೇ ಗೊತ್ತು ಅಲ್ವಾ? ಅಂಥವನ ಮಾತನ್ನು ಅವರು ಖಂಡಿತ ಕೇಳುತ್ತಾರೆ. ಮೊದಲ ಕೆಲವು ವಾರ ಮುಜುಗರ ಆಗುತ್ತೆ, ಆಗಲಿ.

ಅಪ್ಪನ ಮಾತು ಮಾತ್ರ ಬೇರೆ. ಅವರನ್ನು ನೋಡಿಕೊಳ್ಳಲು ಮನೆಯಲ್ಲಿ ನಿಜಕ್ಕೂ ಯಾರೂ ಇಲ್ಲವೆಂದರೆ, ಕಂಪನಿಯ ಸುಬೇದಾರ್ ಸಾಹೇಬರ ಮುಂದೆ ಬಿಚ್ಚಿ ಹೇಳು. ಮೊದಲು ರಜೆ ಕೇಳು, ಅಪ್ಪನನ್ನು ಮಿಲಿಟರಿ ಆಸ್ಪತ್ರೆಗೆ ತೋರಿಸುವ ದಾರಿ ವಿಚಾರಿಸು. ಆಮೇಲೆ ಸಹಿಯ ಮಾತು.