ಯುದ್ಧದಲ್ಲಿ ಯಾವ ಮೋಸ ಸಲ್ಲುತ್ತದೆ?

ಪ್ರಶ್ನೆ: ಯುದ್ಧಗಳ ಇತಿಹಾಸದಲ್ಲಿ ‘ರ್ಯೂಜ್ ದ ಗೇರ್’ ಎಂಬ ಫ್ರೆಂಚ್ ಮಾತು ಆಗಾಗ ಎದುರಾಗುತ್ತದೆ. ಶತ್ರುವಿಗೆ ಮಾಡುವ ಎಲ್ಲ ಮೋಸಕ್ಕೂ ಹೀಗೆನ್ನಬಹುದೇ? ದ್ರೋಣರಿಗೆ ಹೇಳಿದ ‘ಅಶ್ವತ್ಥಾಮ ಸತ್ತ’ ಎಂಬ ಸುಳ್ಳೂ ಇದರಲ್ಲಿ ಸೇರುತ್ತದೆಯೇ?

ಉತ್ತರ: ಎಲ್ಲ ಮೋಸಕ್ಕೂ ಅಲ್ಲ, ಯುದ್ಧದ ಕಾನೂನು ಒಪ್ಪುವ ಮೋಸಕ್ಕೆ ಮಾತ್ರ. 1907ರ ಹೇಗ್ ನಿಯಮಾವಳಿಯ 24ನೇ ವಿಧಿ ಇದಕ್ಕೆ ಅವಕಾಶ ಕೊಟ್ಟಿತು. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಪ್ರೋಟೊಕಾಲ್‌ನ 37ನೇ ವಿಧಿ ಉದಾಹರಣೆಗಳನ್ನೂ ಹೇಳುತ್ತದೆ: ಮರೆಮಾಚುವುದು, ನಕಲಿ ಗುರಿ, ಹುಸಿ ಕಾರ್ಯಾಚರಣೆ, ತಪ್ಪು ಮಾಹಿತಿ.

1942ರ ಅಕ್ಟೋಬರ್‌ನಲ್ಲಿ ಎಲ್ ಅಲಮೈನ್ ಕದನಕ್ಕೆ ಮೊದಲು ಬ್ರಿಟಿಷರು ಉತ್ತರದಲ್ಲಿ ಟ್ಯಾಂಕುಗಳಿಗೆ ಲಾರಿಯಂತೆ ಕಾಣುವ ಕ್ಯಾನ್ವಾಸ್ ಹೊದಿಸಿದರು. ದಕ್ಷಿಣದ ಕಡೆಗೆ ಪೆಟ್ರೋಲ್ ಡಬ್ಬಿಗಳಿಂದ ಸುಳ್ಳು ನೀರಿನ ಪೈಪ್‌ಲೈನ್ ಎಳೆದರು. ಕಾಲುವೆ ತೋಡಿ ಪಕ್ಕದಲ್ಲಿ ‘ಪೈಪು’ ಜೋಡಿಸುವುದು, ರಾತ್ರಿ ಕಾಲುವೆ ಮುಚ್ಚಿ ಅವೇ ಡಬ್ಬಿಗಳನ್ನು ಮುಂದಿನ ತುಂಡಿಗೆ ಒಯ್ಯುವುದು. ಕೆಲಸದ ವೇಗ ನೋಡಿದವರಿಗೆ ದಾಳಿ ನವೆಂಬರಿನಲ್ಲಿ, ಅದೂ ದಕ್ಷಿಣದಿಂದ ಎನಿಸಬೇಕಿತ್ತು. ಇದು ಅಪ್ಪಟ ರ್ಯೂಜ್.

ನೋಡಬೇಕಾದದ್ದು ಶತ್ರು ಏನನ್ನು ನಂಬಿ ಕೆಟ್ಟ ಎಂಬುದನ್ನು. ಕಣ್ಣಿಗೆ ಕಂಡದ್ದನ್ನು ನಂಬಿದರೆ ಅವನ ಹಣೆಬರಹ. ‘ಇವನಿಗೆ ಕಾನೂನಿನ ರಕ್ಷಣೆ ಇದೆ, ಗುಂಡು ಹಾರಿಸಬಾರದು’ ಎಂದು ನಂಬಿಸಿ ಕೊಂದರೆ ಅದು ‘ಪರ್ಫಿಡಿ’, ಅಂದರೆ ವಿಶ್ವಾಸಘಾತ. ಬಿಳಿ ಬಾವುಟ ತೋರಿಸಿ ಎರಗುವುದು, ರೆಡ್‌ಕ್ರಾಸ್ ಗುರುತಿನ ಆಂಬುಲೆನ್ಸಿನಿಂದ ಗುಂಡು ಹಾರಿಸುವುದು ಈ ಜಾತಿಯವು. ಒಮ್ಮೆ ಹೀಗಾದರೆ ಮುಂದೆ ನಿಜವಾಗಿ ಶರಣಾಗುವವನಿಗೂ ಗುಂಡೇಟೇ ಗತಿ.

ಶತ್ರುವಿನ ಸಮವಸ್ತ್ರದ ವಿಷಯ ತುಸು ಜಟಿಲ. ಆರ್ಡೆನ್ಸ್ ಕಾಡಿನಲ್ಲಿ ಅಮೆರಿಕನ್ ಸಮವಸ್ತ್ರ ಬಳಸಿದ ಆರೋಪದಿಂದ ಜರ್ಮನ್ ಅಧಿಕಾರಿ ಓಟೋ ಸ್ಕಾರ್ಜೆನಿ 1947ರಲ್ಲಿ ಖುಲಾಸೆಯಾದ. ಅದನ್ನು ತೊಟ್ಟೇ ಕಾದಾಡಿದರೆಂಬುದು ಸಾಬೀತಾಗಲಿಲ್ಲ. 1977ರ ಪ್ರೋಟೊಕಾಲ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ಭಾರತ ಆ ಪ್ರೋಟೊಕಾಲ್‌ಗೆ ಸೇರಿಲ್ಲ.

ಸಮುದ್ರದಲ್ಲಿ ಸಡಿಲಿಕೆ ಹೆಚ್ಚು. ಸುಳ್ಳು ಬಾವುಟ ಹಾರಿಸಬಹುದು, ಆದರೆ ಗುಂಡು ಹಾರಿಸುವ ಮುನ್ನ ತನ್ನದನ್ನು ಏರಿಸಲೇಬೇಕು. 1914ರ ಸೆಪ್ಟೆಂಬರ್‌ನಲ್ಲಿ ಮದ್ರಾಸಿನ ಎಣ್ಣೆ ಟ್ಯಾಂಕುಗಳನ್ನು ಸುಟ್ಟ ಜರ್ಮನ್ ಹಡಗು ಎಮ್ಡೆನ್‌ಗೆ ಇದ್ದದ್ದು ಮೂರು ಹೊಗೆಗೊಳವೆ. ಅಕ್ಟೋಬರ್ 28ರಂದು ನಾಲ್ಕನೆಯ ನಕಲಿ ಕೊಳವೆ ನಿಲ್ಲಿಸಿಕೊಂಡು, ಬ್ರಿಟಿಷ್ ಹಡಗಿನ ಸೋಗಿನಲ್ಲಿ ಪೆನಾಂಗ್ ಬಂದರು ಹೊಕ್ಕಿತು. ಜರ್ಮನ್ ಬಾವುಟ ಏರಿಸಿದ ಮೇಲೆಯೇ ರಷ್ಯದ ಜೆಮ್ಚುಗ್ ಹಡಗನ್ನು ಮುಳುಗಿಸಿತು.

ಇನ್ನು ದ್ರೋಣರು. ಮಗ ಸತ್ತನೆಂಬ ಸುಳ್ಳು ಸುದ್ದಿ ಇಂದಿನ ಲೆಕ್ಕದಲ್ಲಿ ತಪ್ಪು ಮಾಹಿತಿಯಷ್ಟೇ, ಹಾಗಾಗಿ ರ್ಯೂಜ್. ಆಯುಧ ಬಿಟ್ಟು ಕುಳಿತವರ ತಲೆ ಕಡಿದ ಧೃಷ್ಟದ್ಯುಮ್ನನ ಮೇಲಿನ ಮೊಕದ್ದಮೆ ಬೇರೆ ವಿಧಿಯ ಕೆಳಗೆ ನಡೆಯಬೇಕು.