ಹವಾಮಾನ ಸಂಶೋಧನೆಗೆ ಅಭಿವೃದ್ಧಿಶೀಲ ದೇಶದವರಿಗೆ ಯಾವ ಸ್ಕಾಲರ್‌ಶಿಪ್‌ಗಳಿವೆ? ಅರ್ಜಿ ಎಲ್ಲಿ ಎಡವುತ್ತದೆ?

ಪಿಎಚ್‌ಡಿ ಮಾಡುತ್ತಿದ್ದರೆ ಮೊದಲು ನೋಡಬೇಕಾದದ್ದು ಐಪಿಸಿಸಿ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ) ಸ್ಕಾಲರ್‌ಶಿಪ್. 2007ರ ನೊಬೆಲ್ ಶಾಂತಿ ಪ್ರಶಸ್ತಿಯ ಹಣದಿಂದ ಹುಟ್ಟಿದ ನಿಧಿ ಇದು. ಹಿಂದಿನ ಸುತ್ತುಗಳಲ್ಲಿ ವರ್ಷಕ್ಕೆ ಗರಿಷ್ಠ 15,000 ಯೂರೋ, ಎರಡು ವರ್ಷದವರೆಗೆ ಕೊಟ್ಟಿದ್ದಾರೆ. ತೀರಾ ಹಿಂದುಳಿದ ದೇಶಗಳಿಗೂ ಸಣ್ಣ ದ್ವೀಪರಾಷ್ಟ್ರಗಳಿಗೂ ಆದ್ಯತೆ. ಉಳಿದವರಿಗೆ ಪೈಪೋಟಿ ಜಾಸ್ತಿ. ಪ್ರತಿ ವರ್ಷವೂ ಅರ್ಜಿ ಕರೆಯುವುದಿಲ್ಲ, ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ.

ಸ್ನಾತಕೋತ್ತರ ಪದವಿಗಾದರೆ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿ ಕೊಡುವ ಇಪಿಒಎಸ್ ಎಂಬ ಸ್ಕಾಲರ್‌ಶಿಪ್ ಇದೆ. ಪದವಿಯ ನಂತರ ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಬೇಕು, ಪದವಿ ಸಾಮಾನ್ಯವಾಗಿ ಆರು ವರ್ಷಕ್ಕಿಂತ ಹಳೆಯದಾಗಿರಬಾರದು.

ಸಂಶೋಧಕರಿಗೆ ನೆರವು ಕೊಡುವ ಜರ್ಮನಿಯ ಹಂಬೋಲ್ಟ್ ಫೌಂಡೇಶನ್ನಿನ ಹವಾಮಾನ ಸಂರಕ್ಷಣಾ ಫೆಲೋಶಿಪ್‌ಗೆ ಅಲ್ಲಿ ನಿಮ್ಮ ಕೆಲಸಕ್ಕೆ ಮಾರ್ಗದರ್ಶನ ಮಾಡುವ ಆತಿಥೇಯರ ಒಪ್ಪಿಗೆ ಪತ್ರ ಕಡ್ಡಾಯ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಕೊನೆಯ ವಾರ ಮೇಲ್ ಕಳಿಸಿದರೆ ಉತ್ತರವೇ ಬರುವುದಿಲ್ಲ. ಮೂರ್ನಾಲ್ಕು ತಿಂಗಳ ಮೊದಲೇ, ಅವರ ಒಂದು ಪ್ರಬಂಧವನ್ನು ನಿಜವಾಗಿ ಓದಿ, ಒಂದು ಪುಟದ ಯೋಜನೆಯ ಜೊತೆ ಬರೆಯಿರಿ.

ಪ್ರಸ್ತಾವನೆ ಬಿದ್ದುಹೋಗುವುದು ಬಹುಪಾಲು ವಿಷಯ ಅಗಲವಾದಾಗ. "ಹವಾಮಾನ ಬದಲಾವಣೆ ಮತ್ತು ಕೃಷಿ" ಎಂದರೆ ಏನೂ ಹೇಳಿದಂತಾಗುವುದಿಲ್ಲ. "ಒಂದು ನದಿ ಕಣಿವೆಯ 30 ವರ್ಷದ ಮಳೆ ದಾಖಲೆಯಿಂದ ಅಂತರ್ಜಲ ಮರುಪೂರಣದ ಅಂದಾಜು" ಎಂದು ಬರೆದು, ಆ ದಾಖಲೆ ಯಾರ ಬಳಿ ಇದೆ, ನಡುವೆ ಬಿಟ್ಟುಹೋದ ವರ್ಷಗಳನ್ನು ಹೇಗೆ ತುಂಬುತ್ತೀರಿ ಎಂಬುದನ್ನೂ ಸೇರಿಸಿ. ಪರಿಶೀಲಕರು ಮೊದಲು ಹುಡುಕುವುದು ಅದನ್ನೇ.

ಮೊತ್ತ, ಅರ್ಹತೆ ಸುತ್ತಿನಿಂದ ಸುತ್ತಿಗೆ ಬದಲಾಗುತ್ತವೆ. ಆ ವರ್ಷದ ಪ್ರಕಟಣೆಯನ್ನೇ ನೋಡಿ.