ಮಿಗ್ ವೈರ್ ತಡೆದು ತಡೆದು ಬಂದರೆ

ಪ್ರಶ್ನೆ: ನಮ್ಮ ಮಿಗ್ ವೆಲ್ಡಿಂಗ್ ಮೆಷಿನ್‌ನಲ್ಲಿ 0.8 ಮಿ.ಮೀ. ವೈರ್ ಜರ್ಕ್ ಹೊಡೆಯುತ್ತಾ ಬರುತ್ತದೆ. ಒಮ್ಮೊಮ್ಮೆ ಟಿಪ್‌ಗೇ (ವೈರ್ ಹೊರಬರುವ ತುದಿ) ಅಂಟಿಕೊಳ್ಳುತ್ತದೆ, ರೋಲರ್ ಹತ್ತಿರ ಸಿಕ್ಕುಗಟ್ಟುತ್ತದೆ. ಪ್ರೆಷರ್ ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಸರಿಹೋಗಿಲ್ಲ. ಮೋಟರ್ ಕೆಟ್ಟಿದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಮೋಟರ್ ಮೇಲಿನ ಅನುಮಾನ ಕೊನೆಗಿರಲಿ. ಸಿಕ್ಕುಗಟ್ಟುವುದಕ್ಕೆ ಆ ಅತಿ ಬಿಗಿಯೂ ಕಾರಣ. ಮುಂದೆ ದಾರಿ ಕಟ್ಟಿದಾಗ ರೋಲರ್ ಜಾರಬೇಕು. ಜಾರದಿದ್ದರೆ ವೈರ್ ಅಲ್ಲೇ ಮಡಚಿಕೊಳ್ಳುತ್ತದೆ.

ಮೆಷಿನ್ ಆಫ್ ಮಾಡಿ, ಪ್ರೆಷರ್ ಆರ್ಮ್ ಎತ್ತಿ, ಟಾರ್ಚ್ (ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಗನ್) ಕೇಬಲ್ ನೇರವಾಗಿ ಹಾಸಿ. ವೈರ್ ತುದಿಯನ್ನು ಟಾರ್ಚ್ ಕಡೆಯಿಂದ ಪ್ಲೈಯರ್‌ನಲ್ಲಿ ಎಳೆಯಿರಿ. ಬಿಗಿ ಎನಿಸಿದರೆ ಟಿಪ್ ಬಿಚ್ಚಿ ಮತ್ತೆ ಎಳೆಯಿರಿ. ಈಗ ಸಲೀಸಾಗಿ ಬಂದರೆ ದೋಷ ಟಿಪ್‌ನದು, 0.8ರ ಹೊಸ ಟಿಪ್ ಹಾಕಿ. ಆಗಲೂ ಬಿಗಿಯಿದ್ದರೆ ಲೈನರ್‌ನಲ್ಲಿ (ಕೇಬಲ್ ಒಳಗೆ ವೈರ್ ಸಾಗುವ ಕೊಳವೆ) ತಾಮ್ರದ ಪುಡಿ, ಧೂಳು ತುಂಬಿರುತ್ತದೆ. ವೈರ್ ಹೊರತೆಗೆದು ಕಂಪ್ರೆಸರ್ ಗಾಳಿ ಹೊಡೆಯಿರಿ (ಕನ್ನಡಕ ಹಾಕಿಕೊಂಡು). ಲೈನರ್ ಮಡಚಿದ್ದರೆ ಬದಲಿಸಲೇಬೇಕು. ಎಣ್ಣೆ ಮಾತ್ರ ಬಿಡಬೇಡಿ, ಬೆಸುಗೆಯಲ್ಲಿ ತೂತು ಬೀಳುತ್ತದೆ.

ರೋಲರ್‌ನ ಗ್ರೂವ್ (ವೈರ್ ಕೂರುವ ತೋಡು) ಕೂಡ 0.8ರದೇ ಇರಲಿ. ಸಾಲಿಡ್ ಉಕ್ಕಿನ ವೈರ್‌ಗೆ 'ವಿ' ಗ್ರೂವ್; ಹಲ್ಲಿನ ರೋಲರ್ ಫ್ಲಕ್ಸ್ ಕೋರ್‌ಗೆ (ಒಳಗೆ ಪುಡಿ ತುಂಬಿದ ವೈರ್) ಮಾತ್ರ, ಸಾಲಿಡ್‌ಗೆ ಹಾಕಿದರೆ ಮೇಲಿನ ತಾಮ್ರದ ಲೇಪ ಕೆರೆದು ಲೈನರ್ ಮತ್ತೆ ತುಂಬುತ್ತದೆ.

ಆಮೇಲೆ ಪ್ರೆಷರ್ ಸ್ಕ್ರೂ ಪೂರ್ತಿ ಸಡಿಲಿಸಿ, ವೈರ್ ಜಾರದೆ ಸಾಗುವಷ್ಟೇ ಬಿಗಿ ಮಾಡಿ. ಟ್ರಿಗರ್ ಬಿಟ್ಟ ಮೇಲೂ ಸ್ಪೂಲ್ (ವೈರ್ ಸುತ್ತಿದ ರೀಲು) ಉರುಳುತ್ತಿದ್ದರೆ ಅದರ ಬ್ರೇಕ್ ನಟ್ಟನ್ನು ತುಸು ಬಿಗಿ ಮಾಡಿ. ಮಳೆಗಾಲದಲ್ಲಿ ತುಕ್ಕು ಹಿಡಿದ ಸ್ಪೂಲ್ ಇದ್ದರೆ ಅದನ್ನು ಗುಜರಿಗೆ ಹಾಕುವುದೇ ಅಗ್ಗ.